ಮಳೆ ನೀರು ಎತ್ತ ಹೋಗುತ್ತೆ?

ಹೋದ ವರ್ಷ ಜೂನ್ ತಿಂಗಳ ಒಂದು ಭಾನುವಾರ. ಮೈಸೂರಿನ ರಿಂಗ್ ರೋಡ್ ದಾಟಿ ಸ್ವಲ್ಪ ದೂರದಲ್ಲಿ ಒಂದು ಹೊಸ ಲೇಔಟು. ನಾನು, ನನ್ನ ಹೆಂಡತಿ, ಐದು ವರ್ಷದ ಮಗಳು, ಜೊತೆಗೆ ಸುತ್ತೂರಿನಿಂದ ಬಂದಿದ್ದ ಅಪ್ಪ. ಮನೆ ನಮಗೆ ಇಷ್ಟವಾಗಿತ್ತು. ಮೂರು ಬೆಡ್‌ರೂಮು, ಕಾರು ನಿಲ್ಲಿಸೋಕೆ ಜಾಗ. ಬ್ರೋಷರಿನಲ್ಲಿ ಈಜುಕೊಳ, ಕ್ಲಬ್‌ಹೌಸು, ಮಕ್ಕಳ ಆಟದ ಜಾಗ. ಬ್ಯಾಂಕಿನವರು ಲೋನಿಗೆ ಹೂಂ ಅಂದಿದ್ದರು. ಅಡ್ವಾನ್ಸ್ ಕೊಡೋದೊಂದೇ ಬಾಕಿ. ಬ್ರೋಕರು ಮೂರನೇ ಸಲ ಹೇಳಿದ: "ಪಕ್ಕಾ ಫ್ಯಾಮಿಲಿ ಏರಿಯಾ ಸಾರ್. ಬರೋರೆಲ್ಲಾ ಒಳ್ಳೆ ಜನ."

ಅಪ್ಪ ಮನೆಯೊಳಗೆ ಬರಲೇ ಇಲ್ಲ. ರಸ್ತೆಯ ತುದಿಯವರೆಗೂ ನಡೆದು ಹೋಗಿ, ಅಲ್ಲಿ ನಿಂತು ಆ ಕಡೆ ಈ ಕಡೆ ನೋಡಿ, ವಾಪಸ್ ಬಂದು ಒಂದೇ ಪ್ರಶ್ನೆ ಕೇಳಿದರು: "ಮಳ ಬಂದ್ರ ನೀರು ಎತ್ತಗ ಹೋದದು?"

ಬ್ರೋಕರು ನಕ್ಕ. "ಯಜಮಾನ್ರೆ, ಅದೆಲ್ಲಾ ಅಸೋಸಿಯೇಷನ್ ಆದ್ಮೇಲೆ ಅವರೇ ಮಾಡ್ಕೋತಾರೆ."

ಅಪ್ಪ ಮತ್ತೆ ಮಾತಾಡಲಿಲ್ಲ. ಕಪಿಲೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ತಲೆಹರಟೆ ಪ್ರಶ್ನೆಯಲ್ಲ. 2019ರ ಆಗಸ್ಟಿನಲ್ಲಿ ಹೊಳೆ ತುಂಬಿ ಬಂದು ಮೈಸೂರು-ನಂಜನಗೂಡು ಹೆದ್ದಾರಿಯೇ ಬಂದ್ ಆದದ್ದು ನಮ್ಮ ಕಡೆಯ ಎಲ್ಲರಿಗೂ ನೆನಪಿದೆ. ನಮ್ಮೂರಲ್ಲಿ ಮನೆ ಕಟ್ಟುವವರು ಮೊದಲು ನೆಲದ ಇಳಿಜಾರು ನೋಡುತ್ತಾರೆ, ಆಮೇಲೆ ವಾಸ್ತು. ನಾವು ಮಾತ್ರ ಕಿಚನ್ ಟೈಲ್ಸ್ ನೋಡುತ್ತಾ ನಿಂತಿದ್ದೆವು.

ಆ ರಾತ್ರಿ ಇಎಂಐ ಲೆಕ್ಕ ಪಕ್ಕಕ್ಕಿಟ್ಟು ಮೈಸೂರಿನ ಹಳೇ ಬಡಾವಣೆಗಳ ಕಥೆ ಓದಲು ಕೂತೆ. ಒಂದು ವಿಷಯ ತಿಳಿಯಿತು: ಅಪ್ಪ ಕೇಳಿದ ಪ್ರಶ್ನೆಯನ್ನು ಸುಮಾರು 125 ವರ್ಷಗಳ ಹಿಂದೆ ಇಡೀ ಮೈಸೂರು ಸಂಸ್ಥಾನವೇ ಕೇಳಿಕೊಂಡಿತ್ತು. ಕೇಳಿಕೊಳ್ಳುವಂತೆ ಮಾಡಿದ್ದು ಪ್ಲೇಗು.

ನಾವು ಇವತ್ತು ನೋಡುವ ಅಗಲ ರಸ್ತೆ, ಸಾಲುಮರಗಳ ಮೈಸೂರು ಮೊದಲಿನಿಂದಲೂ ಹೀಗಿರಲಿಲ್ಲ. 19ನೇ ಶತಮಾನದಲ್ಲಿ ಕೋಟೆಯೊಳಗೆ ಅರಮನೆಯ ಸುತ್ತಲೇ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಾವೇರಿ ನೀರನ್ನು ಊರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ತೋಡಿದ ದೊಡ್ಡ ನಾಲೆಯೊಂದಿತ್ತು. ನೀರು ಬರಲಿಲ್ಲ, ಬದಲಿಗೆ ಊರಿನ ಕೊಳಚೆ ಅದರಲ್ಲಿ ಬಂದು ನಿಂತಿತು. ಕೊನೆಗೆ ಅದನ್ನು ಮುಚ್ಚಿ ರಸ್ತೆ ಮಾಡಿದರು. ದಸರಾ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆಯ ಕೆಳಗಿರುವುದು ಆ ನಾಲೆಯೇ.

1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ, ಮರದ ಹಳೇ ಅರಮನೆಗೆ ಬೆಂಕಿ ಬಿತ್ತು. ಮರುವರ್ಷ ಪ್ಲೇಗು ಬಂತು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಕಾಯಿಲೆ ರೈಲು ಹತ್ತಿ 1898ರಲ್ಲಿ ಬೆಂಗಳೂರಿಗೆ, ಆಮೇಲೆ ಮೈಸೂರಿಗೆ ತಲುಪಿತು. ನಂಜನಗೂಡಿಗೆ 1891ರಲ್ಲೇ ರೈಲು ಬಂದಿತ್ತು. 'ಇಲಿ ಬಿತ್ತು' ಅನ್ನೋ ಎರಡು ಪದ ಸಾಕಿತ್ತು, ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ನಮ್ಮಜ್ಜಿ 'ಪ್ಲೇಗಿನ ಕಾಲದಲ್ಲಿ' ಎಂದು ಶುರು ಮಾಡಿದರೆ ನಾವು ಮಕ್ಕಳು ನಗುತ್ತಿದ್ದೆವು. 2020ರ ನಂತರ ನಗು ಬರುವುದಿಲ್ಲ.

ಈ ಕಥೆಯಲ್ಲೊಂದು ತಮಾಷೆಯಿದೆ. ಪ್ಲೇಗಿನ ರೋಗಾಣುವನ್ನು 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಪತ್ತೆ ಮಾಡಿದ್ದರು. ಆದರೆ ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂದು 1898ರಲ್ಲಿ ಫ್ರೆಂಚ್ ವೈದ್ಯ ಸಿಮಾಂಡ್ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. ಇಕ್ಕಟ್ಟು, ಕತ್ತಲು, ಕೊಳಕು, ಕೆಟ್ಟ ಗಾಳಿ, ಇವೇ ಕಾರಣ ಎಂದುಕೊಂಡರು. ಹಾಗಾಗಿ ಗಾಳಿ-ಬೆಳಕು ಬರುವ, ನೀರು ನಿಲ್ಲದ, ಮನೆ ಮನೆಗಳ ನಡುವೆ ಜಾಗವಿರುವ ಬಡಾವಣೆಗಳನ್ನು ಕಟ್ಟಲು ಹೊರಟರು. ಕಾರಣ ಅರ್ಧ ತಪ್ಪು, ಮಾಡಿದ ಕೆಲಸ ಪೂರಾ ಸರಿ! ಅದರ ನೆರಳಲ್ಲಿ ನಾವಿನ್ನೂ ವಾಕಿಂಗ್ ಮಾಡುತ್ತಿದ್ದೇವೆ.

ಮುಂಬೈಯಲ್ಲಿ ಪ್ಲೇಗಿನ ಬೆನ್ನಿಗೇ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಬೆಂಗಳೂರಿನಲ್ಲಿ 1890ರ ದಶಕದ ಆರಂಭದಲ್ಲೇ ಗುರುತು ಮಾಡಿಟ್ಟಿದ್ದ ಮಲ್ಲೇಶ್ವರ ಮತ್ತು ಬಸವನಗುಡಿಗೆ ಪ್ಲೇಗಿನ ನಂತರ ಜೀವ ಬಂತು. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಕೋಟೆಯೊಳಗಿನ ಮನೆಗಳನ್ನು ತೆರವು ಮಾಡಿದರು. ಚಾಮರಾಜಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲಿನ ವಾಣಿವಿಲಾಸ ಮೊಹಲ್ಲಾ, ಆಮೇಲೆ ಸರಸ್ವತಿಪುರಂ, ಹೀಗೆ ಊರು ಹೊರಕ್ಕೆ ಬೆಳೆಯಿತು. ವಾಣಿವಿಲಾಸ ಅಂದರೆ 1895ರಿಂದ 1902ರವರೆಗೆ, ಅಂದರೆ ಪ್ಲೇಗಿನ ವರ್ಷಗಳಲ್ಲಿ, ಮಗನ ಪರವಾಗಿ ರಾಜ್ಯ ನೋಡಿಕೊಂಡ ಮಹಾರಾಣಿ. ಊರಿನ ನೀರು ಸರಬರಾಜು ಕೇಂದ್ರಕ್ಕೆ ಇವತ್ತಿಗೂ ಅವರದೇ ಹೆಸರು.

ನನಗೆ ಮುಖ್ಯ ಅನಿಸಿದ್ದು ಈ ಬಡಾವಣೆಗಳ ಹೆಸರುಗಳಲ್ಲ, ಕೆಲಸದ ಅನುಕ್ರಮ. ಮೊದಲು ಜಾಗ ವಶಕ್ಕೆ, ಆಮೇಲೆ ರಸ್ತೆ, ಚರಂಡಿ, ನೀರು, ಉದ್ಯಾನಕ್ಕೆ ಗೆರೆ. ಇದಾದ ಮೇಲೆ ಸೈಟು ಹಂಚಿಕೆ, ಕೊನೆಗೆ ಮನೆ. ನಾವು ಇಂದು ನೋಡುವ ಎಷ್ಟೋ ಲೇಔಟುಗಳಲ್ಲಿ ಇದು ಉಲ್ಟಾ: ಮೊದಲು ಕಮಾನು ಗೇಟು, ಆಮೇಲೆ ಮನೆ, ಚರಂಡಿ 'ಅಸೋಸಿಯೇಷನ್ ಆದ್ಮೇಲೆ'. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರು ಹತ್ತಿ ಹೊರಬಂದದ್ದನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಅಲ್ಲಿ ಮನೆಗಳಿಗೇನೂ ಕೊರತೆಯಿರಲಿಲ್ಲ. ನೀರಿಗೆ ದಾರಿಯಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು 'ಹಳೇದೆಲ್ಲಾ ಚಿನ್ನ' ಅನ್ನುವ ಕಥೆಯಾಗುತ್ತದೆ. ಹಾಗಿಲ್ಲ.

ಬಸವನಗುಡಿ, ಮಲ್ಲೇಶ್ವರದಲ್ಲಿ ಸೈಟು ಹಂಚುವಾಗ ಯಾವ ಭಾಗ ಯಾವ ಜಾತಿ-ಸಮುದಾಯಕ್ಕೆ ಎಂದು ಗುರುತು ಮಾಡಿದ್ದರು. ಆ ಚಂದದ ಬೀದಿಗಳ ಮನೆಗಳ ಹಿಂದೆ ಒಂದು ಕಿರುಗಲ್ಲಿ ಇರುತ್ತದೆ, ಕನ್ಸರ್ವೆನ್ಸಿ ಗಲ್ಲಿ. ಈಗ ಅಲ್ಲಿ ಸ್ಕೂಟರು ನಿಲ್ಲಿಸುತ್ತಾರೆ, ಕೆಲವು ಕಡೆ ಚಿತ್ರ ಬರೆದು ಸಿಂಗರಿಸಿದ್ದಾರೆ. ಅದನ್ನು ಬಿಟ್ಟಿದ್ದು ಯಾಕೆ ಗೊತ್ತಾ? ಮನೆಯವರ ಮಲವನ್ನು ತಲೆ ಮೇಲೆ ಹೊತ್ತು ಒಯ್ಯುವವರು ಮುಂಬಾಗಿಲ ಕಡೆ ಕಾಣಿಸಬಾರದು ಅಂತ. ಪ್ಲೇಗಿನಿಂದ ಪಾರಾಗಲು ಕಟ್ಟಿದ ಸ್ವಚ್ಛ ಬಡಾವಣೆ ನಿಂತಿದ್ದೇ ಆ ಹಿಂದಿನ ಗಲ್ಲಿಯ ಜನರ ದುಡಿಮೆಯ ಮೇಲೆ. ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದ ಮೊದಲಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಅಂದರೆ ಪ್ಲೇಗಿನಿಂದ ಎಪ್ಪತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ.

ನಂಜನಗೂಡಿನಿಂದ ರೈಲಿನಲ್ಲಿ ಮೈಸೂರಿಗೆ ಬಂದರೆ ಊರಂಚಿನಲ್ಲಿ ಮೊದಲು ಅಶೋಕಪುರಂ, ಆಮೇಲೆ ಚಾಮರಾಜಪುರಂ ನಿಲ್ದಾಣ. ಕಾಲೇಜಿಗೆ ಹೋಗುವಾಗ ನೂರಾರು ಸಲ ಈ ಎರಡು ಬೋರ್ಡು ಓದಿದ್ದೇನೆ, ಅರ್ಥ ಮಾಡಿಕೊಂಡಿರಲಿಲ್ಲ. ಒಂದು ದೊರೆಯ ಹೆಸರು ಹೊತ್ತ ಬಡಾವಣೆ. ಇನ್ನೊಂದು ಊರಿನ ದಲಿತರ ಬಡಾವಣೆ, ಮೊದಲು ಅದನ್ನು ಆದಿಕರ್ನಾಟಕಪುರ ಎನ್ನುತ್ತಿದ್ದರು. ಪಕ್ಕದಲ್ಲೇ 1924ರಲ್ಲಿ ಶುರುವಾದ ರೈಲ್ವೆ ವರ್ಕ್‌ಶಾಪು. ಎರಡೂ ಒಂದೇ ನಗರದ ಬಡಾವಣೆಗಳು, ಎರಡರಲ್ಲೂ ಸಂಸಾರಗಳೇ ಇದ್ದದ್ದು. ಆದರೆ 'ಫ್ಯಾಮಿಲಿ ಏರಿಯಾ' ಎಂದು ಯಾವುದನ್ನು ಕರೆದರು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಮುಗಿದ ಕಥೆಯೂ ಅಲ್ಲ. 'ಒಳ್ಳೆ ಜನ' ಅಂತ ಬ್ರೋಕರು ಹೇಳಿದಾಗ ಅದರೊಳಗೆ ಬಚ್ಚಿಟ್ಟ ಪ್ರಶ್ನೆ 'ನೀವು ಯಾವ ಜನ?' ಅನ್ನೋದೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಈ ಪ್ರಶ್ನೆಯನ್ನು ನಾವು ಗಂಡ-ಹೆಂಡತಿ ನಾಲ್ಕಾರು ಬಾಗಿಲಲ್ಲಿ ಕೇಳಿಸಿಕೊಂಡಿದ್ದೇವೆ. ಅದೇ ಪ್ರಶ್ನೆಗೆ ಈಗ ನಾವೇ ದುಡ್ಡು ಕೊಟ್ಟು ಬೇಲಿ ಕೊಳ್ಳುವುದಾ ಎಂದು ನನ್ನ ಹೆಂಡತಿ ಕೇಳಿದಳು. ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ಅಪ್ಪನನ್ನು ಕೇಳಿದೆ, ನೀವು ಮೈಸೂರಿಗೆ ಓದಲು ಬಂದಾಗ ಯಾವ ಏರಿಯಾ ಒಳ್ಳೇದು ಅನ್ನಿಸುತ್ತಿತ್ತು ಅಂತ. ಅವರು ಯೋಚಿಸಲೇ ಇಲ್ಲ. "ಹಾಸ್ಟೆಲ್ ಇದ್ದ ಏರಿಯಾ" ಅಂದರು.

ಅದೂ ಇತಿಹಾಸವೇ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೈಸ್ಕೂಲೇ ಅಪರೂಪವಾಗಿದ್ದ ಕಾಲದಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿಗೆ ಓದಲು ಬರುವ ಹಳ್ಳಿ ಹುಡುಗರಿಗೆ ಊಟ-ವಸತಿ ಮಾಡಿಕೊಟ್ಟರು. 1954ರಲ್ಲಿ ಅದು ಜೆಎಸ್‌ಎಸ್ ಮಹಾವಿದ್ಯಾಪೀಠವಾಯಿತು. 1970ರ ದಶಕದಲ್ಲಿ ಅಪ್ಪ ಅಂಥದ್ದೊಂದು ಹಾಸ್ಟೆಲಿನಲ್ಲಿದ್ದರು. ಅವರ ಪಾಲಿಗೆ ಮೈಸೂರು ಅಂದರೆ ಅರಮನೆಯಲ್ಲ, ಸಾಲಾಗಿ ಕೂತು ಉಣ್ಣುವ ಹಾಲ್ ಮತ್ತು ನಡೆದು ಹೋಗಬಹುದಾದ ಕಾಲೇಜು. ಒಂದು ಬೀದಿ ಮಕ್ಕಳಿಗೆ ಒಳ್ಳೆಯದಾಗಲು ಅಲ್ಲಿ ನಮ್ಮ ಮನೆಯೇ ಇರಬೇಕಾಗಿಲ್ಲ, ಮಕ್ಕಳಿಗೆ ಅಂತ ಯಾರೋ ಏನನ್ನೋ ಕಟ್ಟಿರಬೇಕು.

ಅಮೆರಿಕದ ಕ್ಲಾರೆನ್ಸ್ ಪೆರ್ರಿ 1929ರಲ್ಲಿ 'ನೆರೆಹೊರೆ ಘಟಕ' ಎಂಬ ಕಲ್ಪನೆ ಮುಂದಿಟ್ಟ. ನಡುವೆ ಪ್ರಾಥಮಿಕ ಶಾಲೆ, ಅಂಚಿನಲ್ಲಿ ಅಂಗಡಿ, ದೊಡ್ಡ ರಸ್ತೆಗಳು ಬಡಾವಣೆಯ ಸುತ್ತ, ಒಳಗಲ್ಲ. ಯಾವ ಮಗುವೂ ವಾಹನ ನುಗ್ಗುವ ರಸ್ತೆ ದಾಟದೆ ಶಾಲೆಗೆ ನಡೆದು ಹೋಗಬೇಕು ಅನ್ನುವುದೇ ಅದರ ತಿರುಳು. ನಮ್ಮ ಕಾನೂನಿನಲ್ಲೂ ಇಂಥ ಎಚ್ಚರವಿದೆ. 1976ರ ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಜಾಗದಲ್ಲಿ ಕನಿಷ್ಠ 15% ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ 10% ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಮೈಸೂರಿನಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ 1988ರಲ್ಲಿ ಮುಡಾ ಬಂತು. ಮಾಡುವವರ ಹೆಸರು ಬದಲಾಯಿತು, ಮಾಡಬೇಕಾದ ಕೆಲಸ ಅದೇ.

ಇಷ್ಟು ಓದಿದ ಮೇಲೆ ನಾವು ಮನೆ ನೋಡುವ ರೀತಿ ಬದಲಾಯಿತು. ಭಾನುವಾರ ಬೆಳಗ್ಗೆ ಹೋಗುವುದನ್ನು ಬಿಟ್ಟೆವು. ಆ ಹೊತ್ತಲ್ಲಿ ಎಲ್ಲಾ ಬೀದಿಯೂ ಚೆಂದ. ಜೋರು ಮಳೆ ಬಂದ ಮರುದಿನ ಹೋದೆವು. ಶಾಲೆಗೆ ಹೊರಡುವ ಹೊತ್ತಿಗೆ ಹೋಗಿ ಮಗಳ ಕೈ ಹಿಡಿದು ನಡೆದು ನೋಡಿದೆವು. ಲೇಔಟ್ ನಕ್ಷೆಯಲ್ಲಿ ಪಾರ್ಕು, ಸಿಎ ಸೈಟು ಎಂದು ಬರೆದ ಜಾಗಕ್ಕೇ ಹೋಗಿ ನಿಂತು ಅಲ್ಲೇನಿದೆ ನೋಡಿದೆವು. ಒಂದು ಕಡೆ ಪಾರ್ಕಿನ ಜಾಗದಲ್ಲಿ ಮನೆ ಎದ್ದಿತ್ತು! ಖಾತೆ, ಅನುಮೋದನೆ ಪತ್ರಗಳನ್ನು ವಕೀಲರಿಗೆ ತೋರಿಸಿದೆವು. ಒಳಚರಂಡಿ ಊರಿನ ಕೊಳವೆಗೆ ಸೇರಿದೆಯೋ, ಇಲ್ಲಾ ಪಕ್ಕದ ಕೆರೆಗೋ ಎಂದು ಅಕ್ಕಪಕ್ಕದವರನ್ನೇ ಕೇಳಿದೆವು. ಕಸ ಎತ್ತುವವರು, ಮನೆಗೆಲಸದವರು ಎಲ್ಲಿಂದ ಬರುತ್ತಾರೆ, ಆ ಬೀದಿಯಲ್ಲಿ ಕುಡಿಯಲು ನೀರು ಕೇಳಿದರೆ ಕೊಡುವವರಿದ್ದಾರಾ ಎಂದೂ ವಿಚಾರಿಸಿದೆವು. ಈ ಕೊನೇ ಪ್ರಶ್ನೆ ನನ್ನ ಹೆಂಡತಿಯದು. ಒಂದು ಬೀದಿ ಎಂಥದ್ದು ಅಂತ ಬೇಗ ಗೊತ್ತಾಗಿದ್ದು ಅದರಿಂದಲೇ.

ಆ ಹೊಸ ಲೇಔಟಿನ ಮನೆ ಬಿಟ್ಟುಬಿಟ್ಟೆವು. ಕೊಂಡಿದ್ದು ಟ್ರಸ್ಟ್ ಬೋರ್ಡ್ ಕಾಲದ ಬಡಾವಣೆಯೊಂದರಲ್ಲಿ, ಎರಡು ಬೆಡ್‌ರೂಮಿನ ಹಳೇ ಮನೆ. ಕಾರು ರಸ್ತೆ ಬದಿಯಲ್ಲೇ ನಿಲ್ಲಬೇಕು. ಅಡುಗೆಮನೆ ಇಕ್ಕಟ್ಟು. ಈಜುಕೊಳ ಇಲ್ಲ, ಅದಕ್ಕೆ ಮಗಳಿಗೆ ಇನ್ನೂ ಸಿಟ್ಟಿದೆ. ಅಕ್ಕಪಕ್ಕದಲ್ಲಿ ಮೂರು ಧರ್ಮದ, ಲೆಕ್ಕವಿಲ್ಲದಷ್ಟು ಜಾತಿಯ ಜನ ಇದ್ದಾರೆ, ನಾವು ಯಾರು ಅಂತ ಕೇಳಿದ್ದು ಒಬ್ಬರೇ. ಶಾಲೆಗೆ ಎಂಟು ನಿಮಿಷದ ನಡಿಗೆ.

ಗೃಹಪ್ರವೇಶದ ಹಿಂದಿನ ರಾತ್ರಿ ಜೋರು ಮಳೆ. ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ ಅಪ್ಪ ಛತ್ರಿ ಹಿಡಿದು ಗೇಟಿನ ಹೊರಗೆ ನಿಂತಿದ್ದಾರೆ. ಚರಂಡಿಯಲ್ಲಿ ನೀರು ಸದ್ದು ಮಾಡುತ್ತಾ ಇಳಿಜಾರಿಗೆ ಓಡುತ್ತಿತ್ತು. ಅದರ ಜೊತೆಗೇ ಬೀದಿಯ ತುದಿಯವರೆಗೂ ಹೋಗಿ, ತಿರುವಿನಲ್ಲಿ ಒಂದು ಕ್ಷಣ ನಿಂತು, ಅಪ್ಪ ವಾಪಸ್ ಬಂದರು.

"ಸರಿ, ಹಾಲು ಉಕ್ಕಿಸಿ" ಅಂದರು.