ಮಣಿಕಟ್ಟಿನ ಕೆಂಪು ಚೌಕ: ವಾಚು ಕಟ್ಟಿದರೆ ತುರಿಕೆ ಯಾಕೆ?

ವಿಡಿಯೊದಲ್ಲಿ ಕೈ ಎತ್ತಿ ತೋರಿಸಿದ್ದನ್ನು ಇಲ್ಲಿ ಬಾಯಲ್ಲೇ ಹೇಳಬೇಕು, ಕಲ್ಪಿಸಿಕೊಳ್ಳಿ. ನನ್ನ ಎಡ ಮಣಿಕಟ್ಟಿನ ಮೇಲ್ಗಡೆ ಒಂದು ಕೆಂಪು ಚೌಕ. ಕೆಳಗಡೆ, ನಾಡಿ ಹಿಡಿಯೋ ಜಾಗದ ಹತ್ತಿರ, ಹುಣಸೆ ಬೀಜದಷ್ಟು ಅಗಲದ ಇನ್ನೊಂದು ಮಚ್ಚೆ.

ಹೋದ ಮೇ ತಿಂಗಳು ಆಫೀಸಿನಲ್ಲಿ ಸ್ಟೆಪ್ ಚಾಲೆಂಜ್ ಇತ್ತು. ಮುಂಬೈಯ ಮೇ ಹೇಗಿರುತ್ತೆ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ, ಲೋಕಲ್ ಇಳಿಯೋಷ್ಟರಲ್ಲಿ ಅಂಗಿ ಹಿಂಡಬಹುದು. ಆದರೂ ವಾಚ್ ಬಿಚ್ಚೋ ಹಾಗಿಲ್ಲ. ಬಿಚ್ಚಿದರೆ ಹೆಜ್ಜೆ ಲೆಕ್ಕಕ್ಕೆ ಸಿಗಲ್ಲ, ನಿದ್ದೆಯೂ ಲೆಕ್ಕಕ್ಕೆ ಸಿಗಲ್ಲ, ಟೀಮು ಹಿಂದೆ ಬೀಳುತ್ತೆ. ಮೂರನೇ ವಾರಕ್ಕೆ ಈ ಚೌಕ ಎದ್ದಿತು. ಕಂಪನಿಯ ಸಪೋರ್ಟಿಗೆ ಬರೆದೆ. ಮಣಿಕಟ್ಟನ್ನು ಸ್ವಚ್ಛವಾಗಿ, ಒಣಗಿಸಿ ಇಟ್ಟುಕೊಳ್ಳಿ ಅಂತ ಉತ್ತರ ಬಂತು. ಓದಿ ಸಿಟ್ಟು ಬಂತು ನೋಡಿ. ನಾನೇನು ಕೈ ತೊಳೆಯಲ್ವಾ? ಊರಿಗೆ ಫೋನ್ ಮಾಡಿದಾಗ ಅಮ್ಮನ ಉತ್ತರವೇ ಬೇರೆ: "ನಿನಗೆ ಗಿಲೀಟು ಆಗಿಬರಲ್ಲ ಕಣೋ. ಚಿಕ್ಕವನಿದ್ದಾಗ ತಾಯಿತ ಕಟ್ಟಿದ್ರೂ ಹಿಂಗೇ ಆಗಿತ್ತು."

ಸಪೋರ್ಟು ಸರಿಯೋ, ಅಮ್ಮ ಸರಿಯೋ? ಇದನ್ನು ಹುಡುಕುತ್ತಾ ಹೋದರೆ ಕಥೆ ಜರ್ಮನಿಯ ಗಣಿಗಳವರೆಗೂ ಹೋಗುತ್ತೆ.

ನಿಕ್ಕಲ್ ಅನ್ನೋ ಹೆಸರೇ ಒಂದು ಬೈಗುಳ. ಜರ್ಮನ್ ಗಣಿ ಕೆಲಸಗಾರರಿಗೆ ತಾಮ್ರದ ಬಣ್ಣದ ಒಂದು ಅದಿರು ಸಿಗುತ್ತಿತ್ತು, ಆದರೆ ಎಷ್ಟು ಕಾಯಿಸಿದರೂ ತಾಮ್ರ ಬರುತ್ತಿರಲಿಲ್ಲ. ನಿಕ್ಕೆಲ್ ಅನ್ನೋ ಕುಳ್ಳ ಪಿಶಾಚಿ ಮಾಟ ಮಾಡಿದೆ ಅಂತ ಅದಕ್ಕೆ ಕುಪ್ಫರ್‌ನಿಕ್ಕೆಲ್, ಅಂದರೆ ಪಿಶಾಚಿಯ ತಾಮ್ರ ಅಂತ ಹೆಸರಿಟ್ಟರು. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಟ್ ಆ ಜಾತಿಯ ಅದಿರಿನಿಂದ ಹೊಸದೊಂದು ಲೋಹ ತೆಗೆದು, ಅದೇ ಬೈಗುಳದ ಹೆಸರನ್ನು ಉಳಿಸಿಕೊಂಡ. ಹತ್ತೊಂಬತ್ತನೇ ಶತಮಾನದಲ್ಲಿ ವಿದ್ಯುತ್ತಿನಿಂದ ಲೇಪ ಕೊಡೋ ವಿದ್ಯೆ ಬಂದಾಗ ನಿಕ್ಕಲ್ ಅದೃಷ್ಟ ಖುಲಾಯಿಸಿತು. ಹೊಳೆಯುತ್ತೆ, ತುಕ್ಕು ಹಿಡಿಯಲ್ಲ, ಬೆಳ್ಳಿಗಿಂತ ಅಗ್ಗ. ಮದುವೆ, ಗೃಹಪ್ರವೇಶಗಳಲ್ಲಿ ರಿಟರ್ನ್ ಗಿಫ್ಟ್ ಅಂತ ಜರ್ಮನ್ ಸಿಲ್ವರ್ ಬಟ್ಟಲು ಕೊಡ್ತಾರಲ್ಲ, ಜರ್ಮನ್ ಸಿಲ್ವರ್ ಅನ್ನೋ ಆ ಲೋಹದಲ್ಲಿ ಬೆಳ್ಳಿಯೇ ಇಲ್ಲ. ಇರೋದು ತಾಮ್ರ, ಸತು ಮತ್ತು ನಿಕ್ಕಲ್. ನನ್ನ ತಾಯಿತವೂ ಅದೇ ಆಗಿತ್ತಂತೆ.

ಈ ಹೊಳಪಿನ ಬೆಲೆ ಮೊದಲು ಕಟ್ಟಿದವರು ತೊಟ್ಟವರಲ್ಲ, ತಯಾರಿಸಿದವರು. ಲೇಪದ ತೊಟ್ಟಿಯಲ್ಲಿ ದಿನವಿಡೀ ಕೈ ಅದ್ದೋ ಕೆಲಸಗಾರರ ಬೆರಳು, ಮುಂಗೈ ಒಡೆದು ನೀರು ಸುರಿಯುತ್ತಿತ್ತು. 1889ರಲ್ಲಿ ಬರ್ಲಿನ್ನಿನ ಚರ್ಮವೈದ್ಯ ಆಲ್ಫ್ರೆಡ್ ಬ್ಲಾಷ್ಕೊ ಇದನ್ನು ಕಸುಬಿನಿಂದ ಬರೋ ಎಕ್ಸಿಮಾ ಅಂತ ದಾಖಲಿಸಿದ. ಆದರೆ ಕಾರ್ಖಾನೆಗಳಲ್ಲಿ ಚಾಲ್ತಿಗೆ ಬಂದ ಹೆಸರು ‘ನಿಕ್ಕಲ್ ಕಜ್ಜಿ’. ಕಜ್ಜಿ ಅಂದ ತಕ್ಷಣ ತಪ್ಪು ಯಾರ ತಲೆಗೆ ಹೋಗುತ್ತೆ ಯೋಚನೆ ಮಾಡಿ. ತೊಟ್ಟಿಯಲ್ಲಿರೋ ಲೋಹದ ಮೇಲಲ್ಲ, ಕೈಯ ಮಾಲೀಕನ ಮೇಲೆ. ಸ್ವಚ್ಛವಾಗಿ ಇಟ್ಟುಕೊಳ್ಳಿ ಅನ್ನೋ ಮಾತು ಅವತ್ತಿನದು ಅಂತ ನನಗನ್ನಿಸಿದ್ದು ಇಲ್ಲೇ.

ಹಾಗಾದರೆ ಒಬ್ಬನಿಗೆ ಆಗಿ ಪಕ್ಕದವನಿಗೆ ಯಾಕೆ ಆಗಲ್ಲ? ಇದನ್ನು ಪರೀಕ್ಷೆ ಮಾಡಿ ನೋಡೋ ದಾರಿ ತೋರಿಸಿದವನು ಯೋಸೆಫ್ ಯಾಡಾಸೋನ್. ಅವನ ರೋಗಿಯೊಬ್ಬನಿಗೆ ಪಾದರಸದ ಔಷಧಿಯಿಂದ ಮೈಯೆಲ್ಲ ಎದ್ದಿತ್ತು. ಆ ಪಾದರಸವನ್ನೇ ಚೂರು ಪಟ್ಟಿಯಲ್ಲಿ ಹಚ್ಚಿ, ಚರ್ಮದ ಮೇಲೆ ಅಂಟಿಸಿ, ಕಾದು ನೋಡಿದ. ಅಂಟಿಸಿದಷ್ಟೇ ಜಾಗ ಕೆಂಪಾಯಿತು. 1895ರಲ್ಲಿ ಗ್ರಾಜ್ ನಗರದ ಸಮ್ಮೇಳನದಲ್ಲಿ ಅವನು ಇದನ್ನು ಮಂಡಿಸಿದ. ಇವತ್ತಿಗೂ ಚರ್ಮದ ಡಾಕ್ಟರು ಮಾಡೋ ಪ್ಯಾಚ್ ಟೆಸ್ಟ್ ಇದೇ.

ಇದರಲ್ಲಿ ಕಾಯೋದೇ ಮುಖ್ಯ. ನೆಲಗಡಲೆ ಅಲರ್ಜಿ ಇದ್ದವರಿಗೆ ನಿಮಿಷಗಳಲ್ಲಿ ಗೊತ್ತಾಗುತ್ತೆ. ಲೋಹದ ಅಲರ್ಜಿ ಹಾಗಲ್ಲ, ಒಂದೆರಡು ದಿನ ಹಿಡಿಯುತ್ತೆ, ಅದಕ್ಕೇ ಕಾರಣ ಯಾವುದು ಅಂತ ಹೊಳೆಯೋದೇ ಇಲ್ಲ. 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ, ಈ ತಡವಾದ ಅಲರ್ಜಿಯನ್ನು ಹೊತ್ತು ತಿರುಗೋದು ರಕ್ತದ ದ್ರವವಲ್ಲ, ಜೀವಕೋಶಗಳು ಅಂತ ತೋರಿಸಿದರು. ಆ ಕೋಶಗಳಿಗೆ ನೆನಪಿದೆ. ಬೆವರಿನ ಉಪ್ಪು ಲೋಹವನ್ನು ಕಣ ಕಣ ಕರಗಿಸುತ್ತೆ, ಕರಗಿದ್ದು ಚರ್ಮದೊಳಗೆ ಇಳಿಯುತ್ತೆ, ದೇಹ ಒಂದು ದಿನ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತೆ. ಸಾಮಾನ್ಯವಾಗಿ ಆ ಗುರುತು ಜೀವನಪರ್ಯಂತ ಅಳಿಸಲ್ಲ. ‘ಮೊದಲೆಲ್ಲ ಇದೇ ವಾಚು ಕಟ್ಟುತ್ತಿದ್ದೆ, ಏನೂ ಆಗಿರಲಿಲ್ಲ’ ಅಂತ ವಾದ ಮಾಡ್ತೀವಲ್ಲ, ಅದು ವಾದವೇ ಅಲ್ಲ.

ಮುಂದಿನ ಕಥೆ ಬಟ್ಟೆಬರೆಯದು. ಯುರೋಪಿನಲ್ಲಿ ಮೊದಲು ಹೆಂಗಸರ ಉದ್ದ ಕಾಲುಚೀಲ ಹಿಡಿಯೋ ಕ್ಲಿಪ್ಪು, ಅದರಿಂದ ತೊಡೆಯಲ್ಲಿ ಗಾಯ. ಆಮೇಲೆ ಜೀನ್ಸ್ ಬಂತು, ಗಾಯ ಹೊಕ್ಕುಳ ಕೆಳಗೆ ಬಂತು. ಕಿವಿ ಚುಚ್ಚಿಸಿಕೊಳ್ಳೋ ಫ್ಯಾಷನ್ ಹೆಚ್ಚಾದಾಗ ಕಿವಿಗೆ ಹೋಯಿತು. ಫ್ಯಾಷನ್ ಎಲ್ಲಿಗೆ ಹೋದರೆ ನಿಕ್ಕಲ್ ಅಲ್ಲಿಗೆ. ನಮ್ಮಲ್ಲಿ ಮೊದಲ ಓಲೆ ಚಿನ್ನದ್ದೇ ಆಗಬೇಕು ಅಂತ ಅಜ್ಜಿಯರು ಹಟ ಹಿಡಿಯುತ್ತಿದ್ದರಲ್ಲ, ಅದರಲ್ಲಿ ಅಂತಸ್ತಿನ ಮಾತು ಇಲ್ಲವೇ ಇಲ್ಲ ಅಂತ ಹೇಳಲಾರೆ. ಆದರೆ ಹಸಿ ಗಾಯಕ್ಕೆ ಗಿಲೀಟು ತಾಗಬಾರದು ಅನ್ನೋ ಅನುಭವವೂ ಇತ್ತು.

ಈಗ ವಾಚಿಗೆ ಬರೋಣ. ಮೊದಲನೇ ಮಹಾಯುದ್ಧದವರೆಗೂ ಗಂಡಸರ ವಾಚು ಹೆಚ್ಚಾಗಿ ಜೇಬಿನಲ್ಲಿತ್ತು. ಕಂದಕದಲ್ಲಿ ನಿಂತ ಸೈನಿಕನಿಗೆ ಜೇಬಿಗೆ ಕೈ ಹಾಕೋ ಪುರಸೊತ್ತಿಲ್ಲ, ವಾಚು ಮಣಿಕಟ್ಟಿಗೆ ಏರಿ ಅಲ್ಲೇ ಉಳಿಯಿತು. ನಮ್ಮ ಕಡೆ ಅದು ಮನೆಮನೆಗೆ ಬಂದಿದ್ದು 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯಿಂದ. ಮನೆಯಲ್ಲಿ ಅಪ್ಪನದೋ ತಾತನದೋ ಎಚ್‌ಎಂಟಿ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಬಹಳಷ್ಟು ವಾಚುಗಳಲ್ಲಿ ಮೈ ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪ, ಬೆನ್ನು ಮಾತ್ರ ಸ್ಟೇನ್‌ಲೆಸ್ ಸ್ಟೀಲು, ಹಾಗಂತ ಅಲ್ಲೇ ಕೊರೆದಿರುತ್ತೆ. ಬೆವರು ತಾಗೋ ಕಡೆ ಲೇಪ ನಿಲ್ಲಲ್ಲ. ಕ್ರೋಮ್ ಅಡಿಯಲ್ಲಿ ಸಾಮಾನ್ಯವಾಗಿ ನಿಕ್ಕಲ್ ಪದರ ಇರುತ್ತೆ, ಕ್ರೋಮ್ ಸವೆದರೆ ಅದು ಹೊರಗೆ ಬರುತ್ತೆ. ಸ್ಟೀಲಿನಲ್ಲೂ ನಿಕ್ಕಲ್ ಇದೆ, ಶೇಕಡಾ 8ರಿಂದ 14ರ ತನಕ. ಆದರೆ ಸ್ಟೀಲಿನ ಮೇಲಿನ ತೆಳು ಕ್ರೋಮಿಯಂ ಆಕ್ಸೈಡ್ ಪೊರೆ ಅದನ್ನು ಸುಲಭಕ್ಕೆ ಬಿಡಲ್ಲ. ಎಷ್ಟು ಇದೆ ಅನ್ನೋದಕ್ಕಿಂತ ಎಷ್ಟು ಹೊರಗೆ ಬರುತ್ತೆ ಅನ್ನೋದೇ ಲೆಕ್ಕ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಅಪ್ಪ ಸ್ನಾನಕ್ಕೆ ಹೋಗೋವಾಗ ವಾಚು ಬಿಚ್ಚಿ ಗೂಡಿನಲ್ಲಿ ಇಡೋರು. ಮಲಗೋವಾಗ ಮತ್ತೆ ಬಿಚ್ಚೋರು, ಬೆಳಿಗ್ಗೆ ಕೀ ಕೊಟ್ಟು ಕಟ್ಟೋರು. ಚರ್ಮಕ್ಕೆ ದಿನಕ್ಕೆ ಎಂಟು ಹತ್ತು ಗಂಟೆ ರಜೆ ಸಿಗುತ್ತಿತ್ತು. ನಾನು ಬಿಚ್ಚುತ್ತಿದ್ದದ್ದು ಚಾರ್ಜಿಗೆ ಹಾಕೋವಾಗ ಮಾತ್ರ, ಅದೂ ಎರಡು ದಿನಕ್ಕೊಮ್ಮೆ.

ಡೆನ್ಮಾರ್ಕ್ 1990ರಲ್ಲಿ ಕಾನೂನು ತಂದಿತು: ಮೈಗೆ ತಾಗೋ ಸಾಮಾನು ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಬಿಡಬಾರದು. 1994ರಲ್ಲಿ ಇಡೀ ಯುರೋಪಿಯನ್ ಒಕ್ಕೂಟ ಇದನ್ನು ತೆಗೆದುಕೊಂಡಿತು, ಪಟ್ಟಿಯಲ್ಲಿ ಕೈಗಡಿಯಾರ, ಅದರ ಪಟ್ಟಿ, ಬಕಲ್ ಎಲ್ಲ ಹೆಸರು ಹಿಡಿದು ಸೇರಿಸಿದರು. ಕಾನೂನು ಬಂದ ಮೇಲೆ ಕಿವಿ ಚುಚ್ಚಿಸಿಕೊಂಡ ಡೇನಿಶ್ ಹುಡುಗಿಯರಲ್ಲಿ ನಿಕ್ಕಲ್ ಅಲರ್ಜಿ ಸ್ಪಷ್ಟವಾಗಿ ಕಡಿಮೆಯಾಯಿತು. ಅವರ ಚರ್ಮವೇನೂ ಬದಲಾಗಿರಲಿಲ್ಲ, ಓಲೆ ಬದಲಾಗಿತ್ತು. (ಅದೇ ಯುರೋಪು 2002ರಲ್ಲಿ ಚಲಾವಣೆಗೆ ತಂದ 1 ಮತ್ತು 2 ಯೂರೋ ನಾಣ್ಯಗಳು ಬೆವರಿನಲ್ಲಿ ಈ ಮಿತಿಯ 240ರಿಂದ 320 ಪಟ್ಟು ನಿಕ್ಕಲ್ ಬಿಡುತ್ತವೆ ಅಂತ ‘ನೇಚರ್’ ಪತ್ರಿಕೆಯಲ್ಲಿ ಬಂತು. ನಾಣ್ಯ ಕೈಗೆ ಕಟ್ಟಿಕೊಳ್ಳೋದಲ್ಲವಲ್ಲ, ಬಚಾವ್.)

ಇಷ್ಟೆಲ್ಲ ಪಾಠ ಕಲಿತಾದ ಮೇಲೆ ಬಂದಿದ್ದು ಫಿಟ್‌ಬಿಟ್ ಫೋರ್ಸ್. 2013ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂತು. 2014ರ ಜನವರಿ ಹೊತ್ತಿಗೆ ಕೈ ಕೆಂಪಾಗಿ ಗುಳ್ಳೆ ಎದ್ದ ದೂರುಗಳು ಸಾಲುಗಟ್ಟಿದವು. ಫೆಬ್ರವರಿಯಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ದೂರು ಕೊಟ್ಟವರು ಬಳಕೆದಾರರಲ್ಲಿ ಶೇಕಡಾ 1.7 ಮಾತ್ರ ಅಂತ ಹೇಳಿತು. ಮಾತ್ರ! ಮಾರ್ಚಿನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹಿಂಪಡೆತದ ಪ್ರಕಟಣೆ ಹೊರಡಿಸಿತು: ಅಮೆರಿಕದಲ್ಲೇ ಸುಮಾರು 10 ಲಕ್ಷ ಪಟ್ಟಿಗಳು, ಚರ್ಮದ ತೊಂದರೆಯ ಸುಮಾರು 9,900 ದೂರು, ಅದರ ಜೊತೆಗೆ ಗುಳ್ಳೆ ಎದ್ದ ಸುಮಾರು 250 ದೂರು. ಕಾರಣ ಅಂತ ಹೇಳಿದ್ದು ಮೂರು: ಸ್ಟೀಲಿನ ಕವಚ, ಪಟ್ಟಿಯ ವಸ್ತು, ಜೋಡಿಸಲು ಬಳಸಿದ ಅಂಟು.

ಸ್ಟೀಲು, ಪಟ್ಟಿ ಹಳೇ ಸಂಗತಿ. ಅಂಟು ಹೊಸದು. ಎಚ್‌ಎಂಟಿಯ ಬೆನ್ನನ್ನು ಒತ್ತಿ ಕೂರಿಸುತ್ತಿದ್ದರು ಅಥವಾ ತಿರುಗಿಸಿ ಬಿಗಿಯುತ್ತಿದ್ದರು. ಸ್ಮಾರ್ಟ್‌ವಾಚು ತೆಳ್ಳಗಿರಬೇಕು, ನೀರು ಒಳಗೆ ಹೋಗಬಾರದು, ಅದಕ್ಕೆ ಅಂಟು ಬೇಕು, ಆ ಅಂಟು ಎಷ್ಟೋ ಕಡೆ ಅಕ್ರಿಲೇಟ್. ಪೂರ್ತಿ ಗಟ್ಟಿಯಾದರೆ ಅಷ್ಟಾಗಿ ತೊಂದರೆ ಕೊಡಲ್ಲ. ಗಟ್ಟಿಯಾಗದೆ ಉಳಿದ ಅಂಶ ಚರ್ಮಕ್ಕೆ ಇಳಿದರೆ ನಿಕ್ಕಲ್‌ನದೇ ಆಟ. ಇಲ್ಲೂ ಮೊದಲು ಸಿಕ್ಕಿಬಿದ್ದವರಲ್ಲಿ ತಯಾರಿಸುವವರು ಇದ್ದರು, ಹಲ್ಲಿನ ಸೆಟ್ಟು ಮಾಡುವವರು. 1954ರಲ್ಲೇ ಅಮೆರಿಕದ ಚರ್ಮವೈದ್ಯ ಅಲೆಕ್ಸಾಂಡರ್ ಫಿಶರ್ ಹಲ್ಲಿನ ಸೆಟ್ಟಿನ ಅಕ್ರಿಲಿಕ್‌ನಿಂದ ಬರೋ ಅಲರ್ಜಿ ಬಗ್ಗೆ ಬರೆದಿದ್ದ. ಆಮೇಲೆ ಮೂಳೆ ಸಿಮೆಂಟು ಕಲಸೋ ಸರ್ಜನ್ನರು, ಈಗ ಜೆಲ್ ನೇಲ್ ಪಾಲಿಶ್ ಹಾಕೋ ಹುಡುಗಿಯರು.

ವಾಚನ್ನಾದರೆ ಬಿಚ್ಚಿ ಎಸೆಯಬಹುದು. ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳೋ ಗ್ಲೂಕೋಸ್ ಸೆನ್ಸರನ್ನು ಹಾಗೆ ಎಸೆಯೋದು ಹೇಗೆ? ಫ್ರೀಸ್ಟೈಲ್ ಲಿಬ್ರೆ ಹಾಕಿಕೊಂಡವರಲ್ಲಿ ಕೆಲವರಿಗೆ ತೋಳು ಕೆಂಪಾಗುತ್ತಿತ್ತು. 2017ರಲ್ಲಿ ಬೆಲ್ಜಿಯಂನ ವೈದ್ಯರು ಕಾರಣ ಹಿಡಿದರು: ಐಸೊಬಾರ್ನಿಲ್ ಅಕ್ರಿಲೇಟ್. ಅದು ಇದ್ದದ್ದು ಮೈಗೆ ಅಂಟಿಸೋ ಪಟ್ಟಿಯಲ್ಲಲ್ಲ, ಪ್ಲಾಸ್ಟಿಕ್ಕಿನ ಎರಡು ಭಾಗ ಜೋಡಿಸೋ ಅಂಟಿನಲ್ಲಿ. ಅಲ್ಲಿಂದ ಸೋರಿ ಚರ್ಮಕ್ಕೆ ಬರುತ್ತಿತ್ತು. ಹೆಜ್ಜೆ ಎಣಿಸೋ ಹುಚ್ಚಿಗೆ ಮೂವತ್ತರಲ್ಲಿ ಅಕ್ರಿಲೇಟ್ ಅಲರ್ಜಿ ತಂದುಕೊಂಡು, ಐವತ್ತರಲ್ಲಿ ಸಕ್ಕರೆ ಬಂದು ಅಂಥ ಸೆನ್ಸರ್ ಬೇಕಾದರೆ ಏನು ಗತಿ? ನಮ್ಮಪ್ಪನ ತೋಳಿನಲ್ಲಿ ಈಗ ಅಂಥದೊಂದು ಸೆನ್ಸರ್ ಇದೆ, ಅದಕ್ಕೇ ಈ ಪ್ರಶ್ನೆ ನನಗೆ ತಮಾಷೆಯಲ್ಲ.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಕೈ ನೋಡೋ ಮೊದಲು ವಾಚು ಕೇಳಿದರು. ಹತ್ತಿಗೆ ಎರಡು ದ್ರವ ಹಾಕಿ ವಾಚಿನ ಬೆನ್ನಿಗೆ ಉಜ್ಜಿದರು, ಬಣ್ಣ ಬರಲಿಲ್ಲ. ಪಟ್ಟಿಯ ಬಕಲ್ಲಿಗೆ ಉಜ್ಜಿದರು, ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಡೈಮೀಥೈಲ್‌ಗ್ಲಯಾಕ್ಸಿಮ್ ಅಂತ ಅದರ ಹೆಸರು. ನಿಕ್ಕಲ್ ಸಿಕ್ಕರೆ ಅದು ಬಣ್ಣ ಕೊಡುತ್ತೆ ಅಂತ 1905ರಲ್ಲಿ ರಷ್ಯಾದ ಚುಗಾಯೆವ್ ಕಂಡುಕೊಂಡಿದ್ದ. ಆಮೇಲೆ ಬೆನ್ನಿಗೆ ಪ್ಯಾಚ್ ಅಂಟಿಸಿದರು. ಎರಡು ದಿನ ಬೆನ್ನಿಗೆ ನೀರು ಬೀಳೋ ಹಾಗಿಲ್ಲ, ಬೆವರೋ ಹಾಗಿಲ್ಲ. ಎಸಿ ಇರೋ ಆಫೀಸು ಜೀವನದಲ್ಲಿ ಮೊದಲ ಸಲ ಇಷ್ಟವಾಯಿತು.

48 ಗಂಟೆಗೆ ಒಮ್ಮೆ, 96 ಗಂಟೆಗೆ ಒಮ್ಮೆ ನೋಡಿದರು. ನಿಕ್ಕಲ್ ಹಚ್ಚಿದ ಜಾಗ ಚೆನ್ನಾಗಿ ಎದ್ದಿತ್ತು, ಅಕ್ರಿಲೇಟ್ ಜಾಗದಲ್ಲಿ ಏನೂ ಇರಲಿಲ್ಲ. ಹುಣಸೆ ಬೀಜದ ಮಚ್ಚೆ ಬಕಲ್ಲಿನ ನಿಕ್ಕಲ್‌ದು. ದೊಡ್ಡ ಕೆಂಪು ಚೌಕ ಅಲರ್ಜಿಯೇ ಅಲ್ಲವಂತೆ. ಬೆವರು, ಸೋಪಿನ ಉಳಿಕೆ, ಬಿಗಿಯಾಗಿ ಕಟ್ಟಿ ಹಗಲೂ ರಾತ್ರಿ ಗಾಳಿ ಆಡದಿರೋದು, ಇಷ್ಟರಿಂದ ಚರ್ಮ ಬೆಂದಿದ್ದು. ವಾಚಿನ ತುರಿಕೆಯಲ್ಲಿ ಹೆಚ್ಚಿನದು ಇಂಥದ್ದೇ, ವಾರ ಬಿಚ್ಚಿಟ್ಟರೆ ಹೋಗುತ್ತೆ ಅಂದರು. ಹೋಯಿತು ಕೂಡ. ಅಂದರೆ ಚೌಕದ ವಿಷಯದಲ್ಲಿ ಸಪೋರ್ಟಿನವರು ಸರಿ, ಒಪ್ಪಿಕೊಳ್ಳಲು ಕಷ್ಟವಾಯಿತು. ಆದರೆ ಬಕಲ್ ಯಾವ ಲೋಹದ್ದು ಅಂತ ಮತ್ತೆ ಬರೆದು ಕೇಳಿದ್ದಕ್ಕೆ ಅವರಿಂದ ಇನ್ನೂ ಉತ್ತರ ಬಂದಿಲ್ಲ. ಸದ್ಯಕ್ಕೆ ಬಟ್ಟೆಯ ಪಟ್ಟಿ ಹಾಕಿದ್ದೇನೆ, ರಾತ್ರಿ ಬಿಚ್ಚಿಡುತ್ತೇನೆ.

ಅಮ್ಮನಿಗೆ ರಿಸಲ್ಟ್ ಹೇಳಿದೆ. "ಆ ಟೆಸ್ಟಿಗೆ ದುಡ್ಡು ಬೇರೆ ಕೊಟ್ಯಾ?" ಅಂದಳು. "ತಾಯಿತ ಇನ್ನೂ ದೇವರ ಗೂಡಲ್ಲೇ ಇದೆ. ಬೇಕಿದ್ರೆ ಅದನ್ನೂ ಉಜ್ಜಿ ನೋಡು."