ಭೂಮಾಪನದ ಕೆಲವು ಮಾತುಗಳು

ಹೊಲದ ಬದುವಿನ ವ್ಯಾಜ್ಯಗಳಲ್ಲಿ ಹಿಂದೆ ಶಾನುಭೋಗರ ಕಡತವೂ ಬಾಂದುಕಲ್ಲೂ ಸಾಕ್ಷಿ ನುಡಿಯುತ್ತಿದ್ದುವು. ಈಗ ಮೂರನೆಯ ಸಾಕ್ಷಿಯೊಂದು ಬಂದಿದೆ. ಅದು ಅಂಗೈಯೊಳಗಿನ ಫೋನು. ಬದುವಿನ ಮೇಲೆ ನಿಂತವನು ಅದನ್ನು ನೋಡಿ, ಕಲ್ಲು ಇಲ್ಲಿದ್ದರೂ ಎಲ್ಲೆ ಅಲ್ಲಿದೆಯೆಂದು ನೆರೆಯವನ ರಾಗಿಯ ಪೈರಿನ ಕಡೆಗೆ ಕೈದೋರುತ್ತಾನೆ. ಆಕಾಶದಲ್ಲಿ ೨೦,೦೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹ ಯಾರ ಪಕ್ಷವನ್ನು ವಹಿಸೀತು ಎಂಬುದು ಅವನ ವಾದ. ವಾದವೇನೋ ಸೊಗಸಾಗಿದೆ. ಆದರೆ ಉಪಗ್ರಹದ ಲೆಕ್ಕ ಎಲ್ಲಿಂದ ಮೊದಲಾಗುತ್ತದೆ, ನಕ್ಷೆಯ ಲೆಕ್ಕ ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ಅವನು ಕೇಳಲಿಲ್ಲ.

ಆ ಮೊದಲಿಗೆ ಮೋಜಣಿದಾರರು 'ಡೇಟಮ್' ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ 'ಕೊಟ್ಟದ್ದು' ಎಂದರ್ಥ. ಸಂಸ್ಕೃತದ 'ದತ್ತ' ಶಬ್ದವೂ ಅದೇ ಕುಲದ್ದಾದುದರಿಂದ ನಾವು ಇಲ್ಲಿ 'ದತ್ತ'ವೆಂದೇ ಹೇಳೋಣ. ಹೆಸರು ಕೊಂಚ ಮೋಸದ್ದು. ನೆಲದ ವಿಷಯದಲ್ಲಿ ಯಾರೂ ನಮಗೆ ಏನನ್ನೂ ಕೊಟ್ಟಿಲ್ಲ. ದತ್ತವೆಂಬುದು ಮನುಷ್ಯರು ಬೆವರು ಸುರಿಸಿ ಅಳೆದು, ಬಳಿಕ ಇದೇ ಇರಲೆಂದು ಗೊತ್ತುಮಾಡಿಕೊಂಡದ್ದು. ಹಾಗೆ ಗೊತ್ತುಮಾಡಿದ ಕಥೆ ನಮ್ಮ ಮೈಸೂರು ಸೀಮೆಯಲ್ಲಿಯೇ ಆರಂಭವಾಗುತ್ತದೆ.

೧೭೯೯ರಲ್ಲಿ ಶ್ರೀರಂಗಪಟ್ಟಣದ ಕಡೆಯ ಮುತ್ತಿಗೆ ನಡೆದಿದ್ದಾಗ, ಒಂದು ರಾತ್ರಿ ಆಂಗ್ಲ ಸೇನೆಯ ತುಕಡಿಯೊಂದು ದಿಕ್ಕು ತಪ್ಪಿ ಟೀಪುವಿನ ಪಾಳೆಯದ ಕಡೆಗೇ ಸಾಗಿತ್ತಂತೆ. ನಕ್ಷತ್ರಗಳನ್ನು ನೋಡಿ ಅದನ್ನು ಎಚ್ಚರಿಸಿದವನು ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯೆಂದು ಹೇಳುವುದುಂಟು. ಯುದ್ಧ ಮುಗಿದ ಮೇಲೆ ಗೆದ್ದವರಿಗೆ ಗೆದ್ದ ನಾಡಿನ ಲೆಕ್ಕ ಬೇಕಾಯಿತು. ಊರು, ಕೆರೆ, ಗಡಿಗಳನ್ನು ಬರೆದುಕೊಳ್ಳುವ ಕೆಲಸ ಕಾಲಿನ್ ಮೆಕೆಂಜಿಗೆ ಬಂದಿತು. ಲ್ಯಾಂಬ್ಟನ್ನನ ಹಂಬಲ ಬೇರೆ. ಭೂಮಿಯ ಆಕಾರವನ್ನೇ ಅಳೆಯುವೆನೆಂದು ಆತನು ಹೊರಟನು. ೧೮೦೦ರಲ್ಲಿ ಬೆಂಗಳೂರಿನ ಬಳಿ ಏಳೂವರೆ ಮೈಲಿಗೆ ತುಸು ಕಡಮೆಯಾದ ಒಂದು ನೇರ ಗೆರೆಯನ್ನು ಅಳೆದನು. ಇದೇ ಆಧಾರರೇಖೆ, ಆಂಗ್ಲರ 'ಬೇಸ್ ಲೈನ್'.

ಆ ಸರಪಳಿಯ ಕಥೆಯನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗದು. ನೂರು ಅಡಿಯ ಆ ಉಕ್ಕಿನ ಸರಪಳಿ ಮೊದಲು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು, ಕಲ್ಕತ್ತೆಗೆ ಬಂದು, ಕೊನೆಗೆ ಬೆಂಗಳೂರಿನ ಬಯಲಿನಲ್ಲಿ ಮೈಚಾಚಿತು. ಬಿಸಿಲೇರಿದರೆ ಉಕ್ಕು ಹಿಗ್ಗುತ್ತದೆ. ಆದುದರಿಂದ ಅದನ್ನು ಮರದ ದೋಣಿಗಳಲ್ಲಿರಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಎಷ್ಟು ಹಿಗ್ಗಿತೆಂಬುದನ್ನು ಲೆಕ್ಕದಿಂದ ಕಳೆಯುತ್ತಿದ್ದರು. ಗೆರೆಯ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಅಳೆದರೆ, ಬೆಟ್ಟ ಹತ್ತದೆಯೇ ಅದರ ದೂರ ದೊರೆಯುತ್ತದೆ. ಆ ಭುಜದ ಮೇಲೆ ಮತ್ತೊಂದು ತ್ರಿಕೋಣ, ಅದರ ಮೇಲೆ ಮಗುದೊಂದು. ೧೮೦೨ರಲ್ಲಿ ಮದರಾಸಿನ ಕಡಲ ಬಳಿ, ಹೆಚ್ಚು ನಿಷ್ಕೃಷ್ಟವಾದ ಉಪಕರಣಗಳಿಂದ, ಕೆಲಸ ಹೊಸದಾಗಿ ಆರಂಭವಾಯಿತು. ತ್ರಿಕೋಣಗಳು ಘಟ್ಟವನ್ನೇರಿ ಬೆಂಗಳೂರನ್ನು ಮುಟ್ಟಿದಾಗ, ೧೮೦೪ರಲ್ಲಿ, ಇಲ್ಲಿ ಒಂದು ಗೆರೆಯನ್ನು ನೆಲದ ಮೇಲೆಯೇ ಅಳೆದು ನೋಡಿದರು. ಲೆಕ್ಕಕ್ಕೂ ಅಳತೆಗೂ ಇದ್ದ ಅಂತರ ನಾಲ್ಕು ಅಂಗುಲವೂ ಇರಲಿಲ್ಲ. ಪುಸ್ತಕಗಳಲ್ಲಿ ಲ್ಯಾಂಬ್ಟನ್ನನ ಹೆಸರಿದೆ. ಬಾವುಟ ಹಿಡಿದು ಬೆಟ್ಟದ ನೆತ್ತಿಯಲ್ಲಿ ನಿಂತ ಖಲಾಸಿಗಳ ಹೆಸರುಗಳನ್ನು ನಾವು ಅಲ್ಲಿ ಕಾಣೆವು.

೧೮೨೩ರಲ್ಲಿ ಲ್ಯಾಂಬ್ಟನ್ ಹಿಂಗನಘಾಟಿನಲ್ಲಿ ತೀರಿಕೊಂಡನು. ಅವನ ಸ್ಥಾನಕ್ಕೆ ಬಂದ ಜಾರ್ಜ್ ಎವರೆಸ್ಟ್, ಭೂಮಿಯನ್ನು ಧ್ರುವಗಳಲ್ಲಿ ಕೊಂಚ ಅದುಮಿದ ಒಂದು ಗೋಲಾಭವೆಂದು ಭಾವಿಸಿ, ೧೮೩೦ರಲ್ಲಿ ಅದರ ಅಳತೆಗಳನ್ನು ಗೊತ್ತುಮಾಡಿದನು. ಮಧ್ಯಭಾರತದ ಕಲ್ಯಾಣಪುರವು ಲೆಕ್ಕದ ಮೂಲಸ್ಥಾನವಾಯಿತು. ಕಲ್ಯಾಣಪುರಕ್ಕೂ, ಹಿಮಾಲಯದ ಹತ್ತಿರದ ಕಲ್ಯಾಣಕ್ಕೂ ನಡುವಣ ಅಂತರವನ್ನು ನಕ್ಷತ್ರಗಳಿಂದ ಅಳೆದಾಗ ಒಂದು, ತ್ರಿಕೋಣಗಳಿಂದ ಅಳೆದಾಗ ಇನ್ನೊಂದು ಬಂದಿತು. ವ್ಯತ್ಯಾಸ ಐದು ವಿಕಲೆಗೆ ತುಸು ಹೆಚ್ಚು. ಒಂದು ವಿಕಲೆ ನೆಲದ ಮೇಲೆ ಸುಮಾರು ನೂರು ಅಡಿ. ಪರ್ವತರಾಶಿಯು ತೂಗುಗುಂಡನ್ನು ತನ್ನತ್ತ ಸೆಳೆಯುವುದೇ ಕಾರಣವಿರಬಹುದೆಂದು ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ೧೮೫೫ರಲ್ಲಿ ಲೆಕ್ಕ ಹಾಕಿದರೆ, ಸೆಳೆತ ಹದಿನೈದು ವಿಕಲೆಗೂ ಮೀರಬೇಕಾಗಿತ್ತು! ಹಿಮಾಲಯದ ಬುಡ ಹಗುರವಾದುದೆಂಬ ಹೊಸ ವಿಚಾರ ಹುಟ್ಟಿದ್ದು ಈ ಕೊರತೆಯಿಂದ. ನಮ್ಮ ಮಾತಿಗೆ ಬೇಕಾದುದು ಇಷ್ಟೇ: ಗಾರೆಯವನು 'ಲಂಬ'ವೆಂದು ನಂಬುವ ದಾರವೂ ಎಲ್ಲೆಡೆಯಲ್ಲಿಯೂ ಭೂಮಿಯ ಆದರ್ಶಾಕಾರಕ್ಕೆ ಲಂಬವಾಗಿರುವುದಿಲ್ಲ.

ಎವರೆಸ್ಟನ ಗೋಲಾಭವು ಭಾರತಕ್ಕೆ ಹೊಲಿದ ಅಂಗಿ. ಈ ದೇಶಕ್ಕೆ ಚೆನ್ನಾಗಿ ಒಪ್ಪುವಂತೆ ಅದನ್ನು ಕೂರಿಸಿದುದರಿಂದ, ಅದರ ಕೇಂದ್ರವು ಭೂಮಿಯ ನಿಜವಾದ ತೂಕದ ಕೇಂದ್ರದಿಂದ ಸುಮಾರು ೮೦೦ ಮೀಟರು ಸರಿದಿದೆ. ಉಪಗ್ರಹವಾದರೋ ತೂಕದ ಕೇಂದ್ರವನ್ನೇ ಸುತ್ತತಕ್ಕದ್ದು. ಅದಕ್ಕೆ ಕಲ್ಯಾಣಪುರದ ದಾಕ್ಷಿಣ್ಯವಿಲ್ಲ. ಆದುದರಿಂದ ೧೯೭೮ರಲ್ಲಿ ಮೊದಲ ಉಪಗ್ರಹವನ್ನು ಹಾರಿಸಿದ ಅಮೆರಿಕೆಯ ಜಿಪಿಎಸ್ ಆಗಲಿ, ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ೨೦೧೩ರಿಂದ ಕೇಂದ್ರವುಳ್ಳ ನಮ್ಮ 'ನಾವಿಕ್' ಆಗಲಿ, ಜಗತ್ತಿಗೆಲ್ಲ ಒಂದಾದ ಬೇರೊಂದು ದತ್ತವನ್ನು ಬಳಸುತ್ತವೆ. ಹಳೆಯ ನಕ್ಷೆಯ ಅಕ್ಷಾಂಶ ರೇಖಾಂಶಗಳನ್ನು ಪರಿವರ್ತಿಸದೆ ಹಾಗೆಯೇ ಫೋನಿಗೆ ಕೊಟ್ಟರೆ, ಬೆಂಗಳೂರಿನ ಸುತ್ತಮುತ್ತ ನಾವು ನೂರು ಮೀಟರಿಗೂ ಹೆಚ್ಚು ಆಚೆ ನಿಂತಿರುತ್ತೇವೆ.

ಎತ್ತರದ ಮಾತೂ ಹೀಗೆಯೇ. ರೈಲು ನಿಲ್ದಾಣದ ಹಲಗೆಯ ಮೇಲೆ ಸಮುದ್ರಮಟ್ಟದಿಂದ ಇಷ್ಟು ಮೀಟರು ಎಂದು ಬರೆದಿರುತ್ತದೆ. ಆ ಮಟ್ಟವನ್ನು ಭಾರತದ ಒಂಬತ್ತು ರೇವುಗಳಲ್ಲಿ ಉಬ್ಬರವಿಳಿತಗಳನ್ನು ನೋಡಿ ಗೊತ್ತುಮಾಡಿದ್ದು. ಉಪಗ್ರಹ ಹೇಳುವ ಎತ್ತರ ಗೋಲಾಭದಿಂದ. ಸಮುದ್ರಮಟ್ಟವನ್ನು ನೆಲದಡಿಗೂ ಹಬ್ಬಿಸಿ ಕಲ್ಪಿಸಿಕೊಂಡ ಮೈಗೆ 'ಜಿಯಾಯ್ಡ್' ಎಂದು ಹೆಸರು. ಸಿಂಹಳದ ದಕ್ಷಿಣಕ್ಕೆ ಅದು ಗೋಲಾಭಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ, ಜಗತ್ತಿನಲ್ಲಿ ಅಷ್ಟು ಆಳವಾದ ತಗ್ಗು ಮತ್ತೊಂದಿಲ್ಲ. ಅದರ ಅಂಚು ನಮ್ಮವರೆಗೂ ಚಾಚಿರುವುದರಿಂದ ಬೆಂಗಳೂರಿನಲ್ಲಿ ಎರಡು ಎತ್ತರಗಳಿಗೂ ಎಂಬತ್ತು ಮೀಟರಿಗೂ ಮಿಕ್ಕ ಅಂತರವಿದೆ. ಕಾಲುವೆ ತೋಡುವವನು ಇದನ್ನು ಮರೆತರೆ ನೀರು ಅವನ ಮಾತನ್ನು ಕೇಳುವುದಿಲ್ಲ.

ಇನ್ನು ನಮ್ಮ ರಾಗಿಯ ಹೊಲಕ್ಕೆ ಹಿಂದಿರುಗೋಣ. ಅದರ ಅಳತೆಯ ಮಾತುಗಳು ಆಕಾಶದವಲ್ಲ. ೩೩ ಅಡಿ ಸರಪಳಿಯ ಚೌಕ ಒಂದು ಗುಂಟೆ, ಗುಂಟೆಗೆ ಹದಿನಾರು ಆಣೆ, ನಲವತ್ತು ಗುಂಟೆಗೆ ಎಕರೆ. ಕಲ್ಲಿನಿಂದ ಕಲ್ಲಿಗೆ ಸರಪಳಿ ಹಿಡಿದು ಬರೆದ ಆ ಗ್ರಾಮನಕ್ಷೆಯ ಹೊಲಗಳಿಗೆ ಅಕ್ಷಾಂಶವೂ ಇಲ್ಲ, ರೇಖಾಂಶವೂ ಇಲ್ಲ. ಅದನ್ನು ಉಪಗ್ರಹದ ಚಿತ್ರದ ಮೇಲೆ ಹಾಸುವವರು ಕೆಲವು ಗುರುತುಗಳನ್ನು ಹಿಡಿದು, ಅಲ್ಲಿ ಎಳೆದು ಇಲ್ಲಿ ಕುಗ್ಗಿಸಿ ಹೊಂದಿಸಬೇಕಾಗುತ್ತದೆ. ಆ ಹೊಂದಿಕೆಯಲ್ಲಿ ಕೆಲವು ಮೀಟರು ತಪ್ಪುತ್ತದೆ, ಫೋನಿನ ಎಣಿಕೆಯಲ್ಲಿ ಇನ್ನು ಕೆಲವು. ವ್ಯಾಜ್ಯ ಬಿದ್ದಿರುವುದೋ ಒಂದು ಗಜದ ಬದುವಿಗೆ.

ಬಲ್ಲ ಮೋಜಣಿದಾರನು ಹೊಲಕ್ಕೆ ಬಂದೊಡನೆ ಫೋನನ್ನು ಕೇಳುವುದಿಲ್ಲ. ಇಬ್ಬರೂ ಒಪ್ಪುವ ಹಳೆಯ ಬಾಂದುಕಲ್ಲನ್ನು ಹುಡುಕುತ್ತಾನೆ. ಅವನು ತರುವ ಉಪಗ್ರಹ ಯಂತ್ರವೂ ಒಂಟಿಯಾಗಿ ದುಡಿಯುವಂಥದಲ್ಲ. ಸ್ಥಾನ ಮೊದಲೇ ಗೊತ್ತಿರುವ ಬಿಂದುವಿನ ಮೇಲೆ ಒಂದು ಯಂತ್ರವನ್ನು ಕದಲದಂತೆ ನಿಲ್ಲಿಸಿ, ಅದರ ತಪ್ಪನ್ನು ನೋಡಿ, ಬದುವಿನ ಮೇಲೆ ಓಡಾಡುವ ಇನ್ನೊಂದರ ತಪ್ಪನ್ನು ಕ್ಷಣಕ್ಷಣಕ್ಕೂ ತಿದ್ದಬೇಕು. ಆಗ ಲೆಕ್ಕ ಅಂಗುಲಗಳಿಗೆ ಇಳಿಯುತ್ತದೆ. ಕದಲದೆ ನಿಂತಿರುವ ಆ ಯಂತ್ರವನ್ನು ಮೋಜಣಿದಾರರು ಈಗಲೂ 'ಬೇಸ್' ಎಂದೇ ಕರೆಯುತ್ತಾರೆ.