ಬೇಲಿಯೇ ಹೊಲ ಮೇಯ್ದಾಗ

ನಮ್ಮ ಸಂಬಳದ ಚೀಟಿಯಲ್ಲಿ ‘ಫೈಕಾ’ ಎಂಬ ಕಡಿತವನ್ನು ನಾವೆಲ್ಲರೂ ಕಂಡಿದ್ದೇವೆ. ಆ ಹಣದ ಬಹುಪಾಲು ಹೋಗುವುದು ಸೋಷಿಯಲ್ ಸೆಕ್ಯುರಿಟಿಗೆ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಈ ಯೋಜನೆಗೆ, ದುಡಿಯಲಾಗದ ಅಂಗವಿಕಲರ ಮಾಸಾಶನ ಸೇರಿದ್ದು 1956ರಲ್ಲಿ. ಅದಕ್ಕೆ ಕನ್ನ ಬಿದ್ದ ಕಥೆಯೊಂದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ಕೆಂಟಕಿಯ ಪೂರ್ವಭಾಗ ಕಲ್ಲಿದ್ದಲ ಗಣಿಗಳ ಸೀಮೆ. ಬೆನ್ನು ಮುರಿದವರು, ಶ್ವಾಸಕೋಶ ಕೆಟ್ಟವರು ಅಲ್ಲಿ ಬಹಳ. ಅರ್ಜಿ ತಿರಸ್ಕೃತವಾದರೆ ಅವರು ಹೋಗುತ್ತಿದ್ದುದು ವಕೀಲ ಎರಿಕ್ ಕಾನ್ ಬಳಿಗೆ. ‘ಮಿಸ್ಟರ್ ಸೋಷಿಯಲ್ ಸೆಕ್ಯುರಿಟಿ’ ಎಂದು ಹೇಳಿಕೊಳ್ಳುತ್ತಿದ್ದ ಈತ ಕಚೇರಿಯ ಮುಂದೆ ಲಿಂಕನ್ನರ ಭಾರೀ ಪ್ರತಿಮೆಯನ್ನೇ ನಿಲ್ಲಿಸಿದ್ದ!

ಈತನ ಗುಟ್ಟು ಇಷ್ಟೆ. ಪಕ್ಕದ ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಕಚೇರಿಯಲ್ಲಿ ಮೇಲ್ಮನವಿ ಕೇಳುತ್ತಿದ್ದ ಡೇವಿಡ್ ಡಾಗರ್ಟಿ ಎಂಬ ನ್ಯಾಯಾಧೀಶ ಕಾನ್‌ನ ಕಡತಗಳನ್ನು ತಾನೇ ಎತ್ತಿಕೊಳ್ಳುತ್ತಿದ್ದ. ಎಂಥ ವೈದ್ಯಕೀಯ ದಾಖಲೆ ಬೇಕೆಂದೂ ತಿಳಿಸುತ್ತಿದ್ದ. ಮೊದಲೇ ಭರ್ತಿಮಾಡಿದ ನಮೂನೆಗೆ ವೈದ್ಯರು ಸಹಿ ಹಾಕುತ್ತಿದ್ದರು. ಪ್ರತಿಯಾಗಿ ತಿಂಗಳಿಗೆ ಸುಮಾರು 10,000 ಡಾಲರ್ ನಗದು. 2010ರಲ್ಲಿ ಈ ನ್ಯಾಯಾಧೀಶ ತೀರ್ಮಾನಿಸಿದ 1,284 ಪ್ರಕರಣಗಳಲ್ಲಿ ತಿರಸ್ಕೃತವಾದವು ಕೇವಲ ನಾಲ್ಕು!

ಇದನ್ನು ಪತ್ತೆಹಚ್ಚಿದವರು ಅದೇ ಕಚೇರಿಯ ಇಬ್ಬರು ಮಹಿಳಾ ನೌಕರರು, ಸಾರಾ ಕಾರ್ವರ್ ಮತ್ತು ಜೆನಿಫರ್ ಗ್ರಿಫಿತ್. ಅವರಿಗೆ ದೊರೆತದ್ದು ಬಹುಮಾನವಲ್ಲ, ಕಿರುಕುಳ. 2013ರಲ್ಲಿ ಅವರು ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಆಮೇಲೆ ತಪ್ಪೊಪ್ಪಿಗೆಗಳ ಸಾಲು ಆರಂಭವಾಯಿತು. ದೂರಿತ್ತವರ ಮೇಲೆ ಸೇಡು ತೀರಿಸಲು ಸಂಚು ಮಾಡಿದ್ದಾಗಿ ಕಚೇರಿಯ ಮುಖ್ಯ ನ್ಯಾಯಾಧೀಶನಾಗಿದ್ದ ಚಾರ್ಲ್ಸ್ ಆಂಡ್ರಸ್ 2016ರಲ್ಲಿ, ವಂಚನೆಗಾಗಿ ಕಾನ್ 2017ರ ಮಾರ್ಚ್‌ನಲ್ಲಿ, ಡಾಗರ್ಟಿ ಮೇ ತಿಂಗಳಲ್ಲಿ ಒಪ್ಪಿಕೊಂಡರು. ವಂಚನೆಯಿಂದ ಸರ್ಕಾರದ ತಲೆಗೆ ಬಿದ್ದ ಹೊಣೆ 55 ಕೋಟಿ ಡಾಲರಿಗೂ ಹೆಚ್ಚು.

ತಪ್ಪೊಪ್ಪಿದರೆ ಶಿಕ್ಷೆ ಕಡಿಮೆ ಎಂಬುದು ಇಲ್ಲಿಯ ರೂಢಿ. ಡಾಗರ್ಟಿಗೆ ನಾಲ್ಕು ವರ್ಷ, ಕಾನ್‌ಗೆ ಹನ್ನೆರಡು. ಒಪ್ಪದೆ ವಿಚಾರಣೆ ಎದುರಿಸಿ ಸೋತ ಮನಶ್ಶಾಸ್ತ್ರಜ್ಞನಿಗೆ ಇಪ್ಪತ್ತೈದು! ಆದರೆ ಕಾನ್ ಜೂನ್‌ನಲ್ಲೇ ಕಾಲಿನ ಪಟ್ಟಿ ಕತ್ತರಿಸಿ ಪರಾರಿಯಾಗಿದ್ದ. ಡಿಸೆಂಬರ್‌ನಲ್ಲಿ ಹೊಂಡುರಾಸ್‌ನಲ್ಲಿ ಸಿಕ್ಕಿಬಿದ್ದು, 2018ರಲ್ಲಿ ಮತ್ತೊಮ್ಮೆ ತಪ್ಪೊಪ್ಪಿ, ಇನ್ನೂ ಹದಿನೈದು ವರ್ಷ ಪಡೆದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಪೆಟ್ಟು ಬಿದ್ದದ್ದು ಬಡ ಕಕ್ಷಿದಾರರಿಗೂ. 2015ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಮರುಪರಿಶೀಲನೆಯ ಪತ್ರ ಬಂತು. ನಿಜವಾಗಿ ಕಾಯಿಲೆಯವರಾಗಿದ್ದೂ ನೂರಾರು ಮಂದಿ ಮಾಸಾಶನ ಕಳೆದುಕೊಂಡರು. ತಮ್ಮ ದಾಖಲೆ ಸುಳ್ಳಲ್ಲವೆಂದು ವಾದಿಸಲೂ ಅವರಿಗೆ ಅವಕಾಶವಿರಲಿಲ್ಲ. ಅದು ನ್ಯಾಯವಲ್ಲವೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಒಲೆ ಆರಿತ್ತು.

ಇದರಲ್ಲಿ ನಮಗೂ ಪಾಠವಿದೆ. ‘ಒಪ್ಪಿಕೊಂಡುಬಿಡಿ, ಬೇಗ ಮುಗಿಯುತ್ತದೆ’ ಎಂಬ ಸಲಹೆ ಪೌರತ್ವವಿಲ್ಲದವರಿಗೆ ಅಪಾಯಕಾರಿ. ನಷ್ಟ 10,000 ಡಾಲರ್ ಮೀರಿದ ವಂಚನೆಯ ತಪ್ಪೊಪ್ಪಿಗೆಯಿಂದ, ಗ್ರೀನ್ ಕಾರ್ಡ್ ಇದ್ದವರೂ ಗಡೀಪಾರಾಗಬಹುದು. ಇದನ್ನು ವಕೀಲರು ಮೊದಲೇ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿಧಿಸಿತು. ಆ ಮೊಕದ್ದಮೆಯೂ ಕೆಂಟಕಿಯದೇ. ವಲಸೆ ಕಾನೂನು ಬಲ್ಲವರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕದಿರೋಣ. ಮಕ್ಕಳಿಗೆ ಈ ಕಥೆ ಹೇಳುವಾಗ ಕದ್ದವರ ಹೆಸರಿಗಿಂತ ಮೊದಲು ಆ ಇಬ್ಬರು ಹೆಣ್ಣುಮಕ್ಕಳ ಹೆಸರು ಹೇಳೋಣ.